ಅತ್ತಿಗೆಯ ಪರದೆ

ನನ್ನ ಅತ್ತಿಗೆಗೆ ತಪ್ಪು ಕಣ್ಣಿಗೆ ಬೀಳಬಾರದು. ತಪ್ಪೇ ಆಗಬಾರದೆಂಬ ಹಟವಲ್ಲ. ಆದದ್ದು ನಾಲ್ಕು ಜನಕ್ಕೆ ಕಾಣಬಾರದು, ಅಷ್ಟೆ. ಗೋಡೆ ಬಿರುಕು ಬಿಟ್ಟರೆ ಅದರ ಮೇಲೊಂದು ಕ್ಯಾಲೆಂಡರ್, ಮೇಜಿಗೆ ಕಲೆಯಾದರೆ ಅದರ ಮೇಲೊಂದು ಹೂಜಿ. ನನಗೂ ಅಣ್ಣನಿಗೂ ಜಗಳ ಹತ್ತಿದರೆ ಮೊದಲು ಕಿಟಕಿ ಮುಚ್ಚುತ್ತಾಳೆ, ಆಮೇಲೆ ಕಾರಣ ಕೇಳುತ್ತಾಳೆ. ಇಂಥವಳ ಜೊತೆ ಬದುಕುವುದು ಸುಖವೇ, ಆದರೆ ಒಮ್ಮೊಮ್ಮೆ ನನಗೆ ಮೈ ಉರಿಯುತ್ತದೆ.

ಅವಳ ಕೆಲಸ ಊರಿನ ವಾಚನಾಲಯದಲ್ಲಿ. ಅಲ್ಲಿ ಯಾರೋ ದಾನ ಕೊಟ್ಟ ದೊಡ್ಡ ಟೀವಿಯೊಂದು ಗೋಡೆಯ ಮೇಲೆ ಧೂಳು ತಿನ್ನುತ್ತಿತ್ತು. ಬಂದವರು ಕೇಳುವುದೋ ಯಾವಾಗಲೂ ಅದೇ: ನಾಳೆ ನೀರು ಬರುತ್ತಾ, ಎಲ್ಲಾದರೂ ಕೆಲಸ ಖಾಲಿ ಇದೆಯಾ. ಉತ್ತರ ಒಂದೊಂದು ಇಲಾಖೆಯ ವೆಬ್‌ಸೈಟಿನಲ್ಲಿ ಚದುರಿಹೋಗಿತ್ತು. ಇಂಥ ಸೈಟುಗಳು ತಾವು ಹೊಸದಾಗಿ ಹಾಕಿದ್ದರ ಬೋಳು ಪಟ್ಟಿಯೊಂದನ್ನು ಹಿತ್ತಿಲ ಬಾಗಿಲಲ್ಲಿ ಇಟ್ಟಿರುತ್ತವಂತೆ, ಅದಕ್ಕೆ ಫೀಡ್ ಎಂದು ಹೆಸರು. ಎಲ್ಲ ಸೈಟು ಸುತ್ತಿ ಆ ಪಟ್ಟಿಗಳನ್ನು ತಂದು, ತಾರೀಖಿನ ಪ್ರಕಾರ ಜೋಡಿಸಿ ಕೊಡುವ ಸಿದ್ಧ ಪ್ರೋಗ್ರಾಮನ್ನು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಬಿಟ್ಟಿದ್ದರು. ಅದಕ್ಕೂ ಲೈಬ್ರರಿ ಎಂದೇ ಕರೆಯುತ್ತಾರೆ. "ಲೈಬ್ರರಿಯೊಳಗೆ ಇನ್ನೊಂದು ಲೈಬ್ರರಿ, ಸಂಬಳ ಮಾತ್ರ ಒಂದೇ," ಎಂದು ಅಣ್ಣ ರೇಗಿಸಿದ. ಅತ್ತಿಗೆ ಸಂಜೆ ತರಗತಿಗೆ ಹೋಗಿ, ತಲೆ ಚಚ್ಚಿಕೊಂಡು, ಕೊನೆಗೂ ಅದನ್ನು ಟೀವಿಗೆ ಕೂರಿಸಿದಳು. ಹೋದ ಕಡೆಯೆಲ್ಲ ಅದು ವಾಚನಾಲಯದ ಹೆಸರು ಹೇಳಿಯೇ ಒಳಗೆ ಹೋಗುವಂತೆಯೂ ಮಾಡಿದಳು. ಹೆಸರು ಹೇಳದೆ ಯಾರ ಬಾಗಿಲಿಗೂ ಹೋಗಬಾರದಂತೆ.

ಮೊದಮೊದಲು ಯಾವುದಾದರೂ ಸೈಟು ಮಲಗಿದ್ದರೆ ಪರದೆಯ ತುಂಬ ಕೆಂಪು ಅಕ್ಷರ ಬರುತ್ತಿತ್ತು. ಪಿಂಚಣಿದಾರರೊಬ್ಬರು ಕನ್ನಡಕ ಏರಿಸಿ, "ಯಾರಮ್ಮಾ ತೀರಿಕೊಂಡಿದ್ದು?" ಎಂದು ಕೇಳಿಯೇಬಿಟ್ಟರು. ಅತ್ತಿಗೆ ನಾಚಿಕೆಯಿಂದ ಕುಗ್ಗಿಹೋದಳು. ಹುಡುಕಿದಾಗ ಆ ಲೈಬ್ರರಿ ಪ್ರೋಗ್ರಾಮಿನಲ್ಲೇ ಉಪಾಯ ಸಿಕ್ಕಿತು: ಫೀಡ್ ಸಿಗದಿದ್ದರೆ ಸುಮ್ಮನಿರು, ಹಿಂದೆ ತಂದಿಟ್ಟ ಪ್ರತಿಯನ್ನೇ ತೋರಿಸು. ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದ ಸೌಕರ್ಯ ಅದು.

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪ ಮತ್ತು ಚಿಕ್ಕಪ್ಪ ಒಂದೇ ಅಂಗಡಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಒಂದು ದಿನ ಅಪ್ಪ ಗಿರಾಕಿಯ ಎದುರಿಗೇ, "ಇವನು ಕೈ ಹಾಕಿದ ಮೇಲೇ ಯಂತ್ರ ಹಾಳಾಗಿದ್ದು," ಎಂದುಬಿಟ್ಟರು. ಚಿಕ್ಕಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು ಹೋದವರು ಬೇರೆ ಊರಲ್ಲಿ ಅಂಗಡಿ ಹಾಕಿದರು. ಅಂದಿನಿಂದ ಮಾತುಕತೆ ಬಂದ್. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ನನಗೆ ಅದು ಬಳುವಳಿಯಾಗಿ ಬಂದಿದೆ.

ಚಿಕ್ಕಪ್ಪ ಒಂದು ಸೈಟು ಮಾಡಿ ಯಂತ್ರಗಳ ಬಗ್ಗೆ ಬರೆಯುತ್ತಾರೆಂದು ಅತ್ತಿಗೆಗೆ ಹೇಗೋ ತಿಳಿಯಿತು. ತುಟಿ ಪಿಟಕ್ಕೆನ್ನದೆ ಅದನ್ನೂ ಸೇರಿಸಿದಳು. ನೀರಿನ ಪ್ರಕಟಣೆಗೂ ಚಾಲಕರು ಬೇಕಾಗಿದ್ದಾರೆಂಬ ಸೂಚನೆಗೂ ನಡುವೆ 'ಬಾಬಿನ್ ಕೇಸ್ ಸವೆದರೆ ಏನು ಮಾಡಬೇಕು' ಎಂಬ ಸಾಲು ಬರತೊಡಗಿತು. ಅಪ್ಪ ದಿನಾ ವಾಚನಾಲಯಕ್ಕೆ ಹೋಗಿ ಅದರ ಎದುರೇ ಕೂರತೊಡಗಿದರು. "ಇವನಿಗೇನು ಗೊತ್ತು ಬಾಬಿನ್ ಕೇಸ್ ವಿಷಯ," ಎಂದು ಬೈಯುತ್ತಲೇ ಕೊನೆಯವರೆಗೂ ಓದುತ್ತಿದ್ದರು. ಬರಬರುತ್ತಾ ಅವಸರ ಹೆಚ್ಚಿತು.

"ಅವನು ಬರೆದ ತಕ್ಷಣ ಬರಲ್ವೇನಮ್ಮಾ ಇದು?"

ಲೈಬ್ರರಿ ಒಮ್ಮೆ ತಂದದ್ದನ್ನು ಒಂದು ಗಂಟೆ ಇಟ್ಟುಕೊಂಡು ಆಮೇಲೆ ಮತ್ತೆ ಹೋಗುತ್ತಿತ್ತು. ಮಾವನಿಗೆ ಇಲ್ಲವೆನ್ನಲಾರದೆ ಅತ್ತಿಗೆ ಅದೊಂದು ವಿಳಾಸಕ್ಕೆ ಆ ಕಾಯುವಿಕೆಯನ್ನೇ ತೆಗೆದುಹಾಕಿದಳು. ಪರದೆ ಹೊಸದಾದಾಗಲೆಲ್ಲ, ಅಂದರೆ ನಿಮಿಷಕ್ಕೊಮ್ಮೆ, ಅದು ಚಿಕ್ಕಪ್ಪನ ಸೈಟಿಗೆ ಹೋಗಿ ಬರುತ್ತಿತ್ತು.

ಕೆಲವು ದಿನಗಳಲ್ಲಿ ಚಿಕ್ಕಪ್ಪನ ಸಾಲು ಬದಲಾಗುವುದೇ ನಿಂತುಹೋಯಿತು. ವಾರ ಕಳೆದರೂ ಅದೇ ಬಾಬಿನ್ ಕೇಸು. ಅಪ್ಪನ ಮುಖ ಸಣ್ಣಗಾಯಿತು, ಊಟ ಅರ್ಧಕ್ಕೇ ಮುಗಿಯತೊಡಗಿತು.

"ಅವನಿಗೆ ಎದೆನೋವಿತ್ತು," ಎಂದರು ರಜೆಯ ದಿನ ಮಧ್ಯಾಹ್ನ ಮನೆಯಲ್ಲಿ, ಯಾರೂ ಕೇಳದೆಯೇ. "ಇದ್ದಾನೋ ಇಲ್ವೋ."

"ಫೋನ್ ಮಾಡಿ ಕೇಳಪ್ಪ," ಎಂದೆ.

"ಅವನೇನು ಫೋನ್ ಮಾಡಿದ್ನಾ ನಂಗೆ?"

ಅತ್ತಿಗೆ ನಡುವೆ ಬಂದು, "ಹೊಸದು ಬರೆದ್ರೆ ನಮ್ಮ ಪರದೇಲಿ ಬಂದೇ ಬರುತ್ತೆ ಮಾವ. ಬರೆದಿಲ್ಲ ಅಷ್ಟೆ. ಕೆಲಸ ಜಾಸ್ತಿ ಇರಬಹುದು," ಎಂದು ಸಮಾಧಾನ ಹೇಳಿದಳು. ಎಂದಿನಂತೆ ಬಿರುಕಿನ ಮೇಲೆ ಕ್ಯಾಲೆಂಡರ್. ನನಗೆ ತಡೆಯಲಾಗಲಿಲ್ಲ. "ನಿನ್ನ ಪರದೆಗೆ ಬೆಂಕಿ ಬೀಳ್ಲಿ," ಎಂದು ನನ್ನ ಫೋನಿನಲ್ಲೇ ನೇರ ಚಿಕ್ಕಪ್ಪನ ಸೈಟು ತೆರೆದೆ. ಅಲ್ಲಿ ಹೊಸ ಬರಹಗಳು ಸಾಲಾಗಿ ನಿಂತಿದ್ದವು. ಇತ್ತೀಚಿನದು ಹಿಂದಿನ ದಿನದ್ದು.

ಫೋನ್ ಕಸಿದು ನೋಡಿದ ಅತ್ತಿಗೆಯ ಮುಖ ಬಿಳಿಚಿತು. ಕಿಟಕಿ ತೆರೆದೇ ಇತ್ತು, ಅವಳು ಮುಚ್ಚಲಿಲ್ಲ. "ತಪ್ಪು ನಂದು ಮಾವ," ಎಂದಳು ಗಟ್ಟಿಯಾಗಿ. "ಫೋನಲ್ಲಿ ಸಿಗೋದು ನಮ್ಮ ಪರದೆಗೆ ಮಾತ್ರ ಸಿಕ್ತಿಲ್ಲ ಅಂದ್ರೆ ಅವರ ಸೈಟು ನಮ್ಮನ್ನ ಹೊರಗೆ ಹಾಕಿದೆ. ಅದು ಕಾಣದ ಹಾಗೆ ನಾನೇ ಮಾಡಿಟ್ಟಿದ್ದೆ. ಇಷ್ಟು ದಿನ ನೀವು ಓದಿದ್ದು ಹಳೇದು."

ಮದುವೆಯಾಗಿ ಬಂದ ಮೇಲೆ ಅವಳ ಬಾಯಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲು. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು, ಬೈದದ್ದಕ್ಕೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಮಾತ್ರ, "ಇದ್ದಾನಲ್ಲ," ಎಂದರು. "ಓದು."

ಅವಳು ಓದಿದಳು. ಚಿಕ್ಕಪ್ಪ ಹೀಗೆ ಬರೆದಿದ್ದರು: 'ಯಾರೋ ನಿಮಿಷಕ್ಕೊಂದು ಸಲ ಬಂದು ಹೊಸದೇನಾದರೂ ಇದೆಯಾ ಎಂದು ನೋಡಿ ಹೋಗುತ್ತಿದ್ದರಂತೆ. ಉಪದ್ರವವೆಂದು ಸೈಟಿಗೆ ಜಾಗ ಕೊಟ್ಟ ಕಂಪನಿಯವರೇ ಬಾಗಿಲು ಹಾಕಿದ್ದಾರೆ. ಯಾರೆಂದು ಕೇಳಿದರೆ ನಮ್ಮ ಹಳೆಯ ಊರಿನ ವಾಚನಾಲಯದ ಹೆಸರು ಹೇಳಿದರು. ತೆಗೆಯಿರಿ ಎಂದು ಬೇಡಿಕೊಂಡೆ, ಕೇಳುತ್ತಿಲ್ಲ. ಬರುತ್ತಿದ್ದವರೇ, ನನ್ನ ಫೋನ್ ನಂಬರು ಮಾತ್ರ ಬದಲಾಗಿಲ್ಲ.'

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಕೈ ಚಾಚಿದರು. ನಂಬರು ಅವರಿಗೆ ಬಾಯಿಪಾಠವಿತ್ತು. ಅವರು ಹೇಳಿದರು, ಅತ್ತಿಗೆ ಒತ್ತಿಕೊಟ್ಟಳು.

"ಹಲೋ, ಯಾರು ಮಾತಾಡ್ತಿರೋದು?" ಚಿಕ್ಕಪ್ಪನ ದನಿ ನಮಗೂ ಕೇಳಿಸಿತು.

ಅಪ್ಪ ಕನ್ನಡಕ ಮತ್ತೆ ಮೂಗಿಗೇರಿಸಿಕೊಂಡರು.

"ನಾನು ಕಣೋ," ಎಂದರು. "ನಿಮಿಷಕ್ಕೊಂದು ಸಲ ಬರ್ತಿದ್ದೋನು."