ಉದ್ದಕ್ಕೆ ಸೀಳಿದ ಹೊಲ

ಪುಂಡಿ ನಾರಿನ ಹೊಸ ಹಗ್ಗದ ವಾಸನೆ ಮೂಗಿಗೆ ಬಡಿದರೆ ನನಗೆ ಈ ವಯಸ್ಸಿನಲ್ಲೂ ಸಿಟ್ಟು ಬರುತ್ತದೆ. ನೀರಿನಲ್ಲಿ ಕೊಳೆಸಿ ಸುಲಿದ ನಾರಿನ ಆ ಹುಳಿ ಹುಳಿ ವಾಸನೆ ಬೇರೆಯವರಿಗೆ ಬಾವಿಯನ್ನೋ ತೊಟ್ಟಿಲನ್ನೋ ನೆನಪಿಸಬಹುದು. ನನಗೆ ನೆನಪಾಗುವುದು ನಮ್ಮ ಹೊಲವನ್ನು ಅಳೆದು ಕೊಂದ ದಿನ. ಕೊಂದವರು ಹೊರಗಿನವರಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಕೊಂದವರು ನನ್ನ ಅಪ್ಪ ಮತ್ತು ಅಪ್ಪನ ತಮ್ಮ, ನನ್ನ ಕಾಕಾ. ಇಬ್ಬರೂ ಒಳ್ಳೆಯವರು, ಇಬ್ಬರಿಗೂ ನನ್ನ ಮೇಲೆ ಜೀವ. ಈಗ ಇಬ್ಬರೂ ಇಲ್ಲ, ಹಾಗಾಗಿ ಜಗಳವಾಡಲೂ ಯಾರೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಳ್ಳೆಯವರು ಇದ್ದರೆ ನನ್ನ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ಬದಿಗೆ ನಮ್ಮ ಊರು. ಆಗ ನಿಜಾಮರ ಆಳ್ವಿಕೆ. ರಜಾಕಾರರ ಗಲಾಟೆ ಇನ್ನೂ ಕೆಲವು ವರ್ಷ ದೂರವಿತ್ತು. ಕುಸುಬಿ ಎಣ್ಣೆಯ ಒಗ್ಗರಣೆ, ಎತ್ತುಗಳಿಗೆ ನೆನೆಹಾಕಿದ ಹತ್ತಿಕಾಳು, ನೆಲದೊಳಗಿನ ಹಗೇವು ತೆಗೆದಾಗ ಏಳುವ ಜೋಳದ ಬಿಸಿ ಉಸಿರು, ಇವೆಲ್ಲ ಬೆರೆತ ವಾಸನೆಯ ಮನೆ ನಮ್ಮದು. ಅದರ ಯಜಮಾನಿಕೆ ಆಯಿಯದು, ಅಂದರೆ ಅಪ್ಪನ ತಾಯಿಯದು. ಊರ ಹೊರಗೆ ಹಳ್ಳದ ಕಡೆಗೆ ಇಳಿಜಾರಾಗಿ ನಮ್ಮ ಹೊಲ. ಮೇಲಿನ ಅರ್ಧ ಮಸಾರಿ, ಅಂದರೆ ತೆಳ್ಳನೆಯ ಕೆಂಪು ಮಣ್ಣು; ಕೆಳಗಿನ ಅರ್ಧ ಹುಲುಸಾದ ಕರೀ ಎರೆ ಮಣ್ಣು. ಇಳಿಜಾರಿಗೆ ಅಡ್ಡವಾಗಿ, ಕಲ್ಲಿಗೆ ಕಲ್ಲು ಕೂಡಿಸಿ ಹಿರಿಯರು ಹಾಕಿದ ಒಡ್ಡುಗಳಿದ್ದವು. ಓಡಿ ಬಂದ ಮಳೆನೀರು ಅಲ್ಲಿ ತಡೆದು ನಿಂತು, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ, ತಿಳಿಯಾಗಿ ಮುಂದೆ ಹೋಗುತ್ತಿತ್ತು. ಬೇಸಿಗೆ ಬಂದರೆ ಒಡ್ಡಿನ ಬುಡದಲ್ಲಿ ಕೂತ ಆ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಮತ್ತೆ ಮೇಲಕ್ಕೆ ಹೊರುವುದು ನಮ್ಮ ಮನೆಯ ಪದ್ಧತಿ. ಕೆಳಗಿನಿಂದ ಮೇಲಕ್ಕೆ ಯಾರೂ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ನಾನು ಗೊಣಗಿದರೆ ಆಯಿ, "ಹೊರು ಬೇ, ಮಣ್ಣಿಗೆ ಇಳಿಯೂದಷ್ಟ ಗೊತ್ತದ, ಏರೂದು ಗೊತ್ತಿಲ್ಲ" ಅನ್ನುತ್ತಿದ್ದಳು. ಬೇಸಿಗೆಯಲ್ಲಿ ಮಾವನ ಮನೆಗೆಂದು ಬಂದ ಆಳಂದದ ಅಳಿಯನ ತಲೆಗೂ ಒಮ್ಮೆ ಬುಟ್ಟಿ ಏರಿಸಿಬಿಟ್ಟಿದ್ದಳು. ಮುಂದಿನ ವರ್ಷದಿಂದ ಆತ ಮಳೆಗಾಲದಲ್ಲೇ ಬರತೊಡಗಿದ.

ಅಜ್ಜ ತೀರಿಕೊಂಡ ಮೇಲೆ ಅಪ್ಪನಿಗೂ ಕಾಕಾನಿಗೂ ಹೊಂದಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ: ಯಾರ ಎತ್ತಿನ ಮುಂದೆ ಯಾರು ಹೆಚ್ಚು ಹತ್ತಿಕಾಳು ಸುರಿದರು ಎಂಬುದು. ಪಾಲಾಗಲೇಬೇಕೆಂದು ಹಟ ಹಿಡಿದರು. ಊರ ಗೌಡರು ನಾಲ್ಕು ಹಿರಿಯರನ್ನು ಕರೆದುಕೊಂಡು, ಹೊಸ ಹಗ್ಗ ಹಿಡಿದು ಹೊಲಕ್ಕೆ ಬಂದರು. ಆಯಿ ಸೆರಗು ಬಿಗಿದುಕೊಂಡು ನಡುವೆ ನಿಂತಳು.

"ಗೌಡ್ರ, ಅಡ್ಡ ಪಾಲು ಮಾಡ್ರಿ. ಒಬ್ಬಂವ ಮ್ಯಾಲ ಬಿತ್ತಲಿ, ಒಬ್ಬಂವ ಕೆಳಗ ಬಿತ್ತಲಿ. ಬರೂ ವರ್ಷ ಅದಲುಬದಲು ಮಾಡ್ಕೋಲಿ. ಒಡ್ಡು ಮಾತ್ರ ಮುಟ್ಟಬ್ಯಾಡ್ರಿ."

"ನನಗ ಮಸಾರಿ, ಅವಗ ಎರಿ? ಬರೂ ವರ್ಷ ಅಂವ ಬಿಟ್ಟಕೊಡ್ಲಿಲ್ಲಂದ್ರ? ಇದ್ಯಾವ ಇನ್ಸಾಫ್ ಅವ್ವಾ?" ಎಂದ ಕಾಕಾ. ಅಪ್ಪನೂ ಬಿಡಲಿಲ್ಲ. "ಇಬ್ಬರಿಗೂ ಎರಡೂ ಮಣ್ಣು ಬರಾಬರಿ ಬರಬೇಕ್ರಿ" ಎಂದ. ಎಷ್ಟೋ ತಿಂಗಳ ಮೇಲೆ ಅಣ್ಣತಮ್ಮಂದಿರ ಮಾತು ಒಂದಾದದ್ದು ಈ ಒಂದು ವಿಷಯಕ್ಕೆ. ಗೌಡರಿಗೂ ಅದೇ ಸರಿ ಕಂಡಿತು. ಹೊಲದ ನೆತ್ತಿಯಿಂದ ಹಳ್ಳದವರೆಗೆ ಹಗ್ಗ ಎಳೆದು ಉದ್ದಕ್ಕೆ ಸೀಳಿದರು. ಎಷ್ಟು ನ್ಯಾಯವಾದ ಪಾಲು ಎಂದು ಊರೆಲ್ಲ ಹೊಗಳಿತು. ಆಯಿ ಅಂದು ಊಟ ಮಾಡಲಿಲ್ಲ.

ಪಾಲಾದ ಮೇಲೆ ಗಡಿ ಬೇಕಲ್ಲ! ಒಬ್ಬರ ಸಾಲು ಇನ್ನೊಬ್ಬರ ಕಡೆ ಸರಿಯಬಾರದೆಂದು ನಟ್ಟನಡುವೆ, ಮೇಲಿನಿಂದ ಕೆಳಗಿನವರೆಗೆ, ಇಬ್ಬರೂ ಪೈಪೋಟಿಯ ಮೇಲೆ ಗಡಿಯ ಒಡ್ಡು ಕಟ್ಟತೊಡಗಿದರು. ಅದಕ್ಕೆ ಕಲ್ಲು ಎಲ್ಲಿಂದ ತಂದರು ಗೊತ್ತೆ? ಹಿರಿಯರ ಅಡ್ಡ ಒಡ್ಡುಗಳಿಂದ ಕಿತ್ತು ತಂದರು. "ಲೇ, ಕಳ್ಳ ಬರೂದು ಮ್ಯಾಲಿಂದ. ನೀವು ಮಗ್ಗಲಾಗ ಗ್ವಾಡಿ ಕಟ್ಟಾಕತ್ತೀರಿ" ಎಂದು ಆಯಿ ಹೊಲದ ತುಂಬ ಕೂಗಾಡಿಕೊಂಡು ತಿರುಗಿದಳು. "ನೀ ಸುಮ್ಕ ಕೂಡು ಅವ್ವಾ. ಅಂವ ಒಂದ್ ಸಾಲು ಈಚಿ ಬಂದ್ರ ನಾಳಿ ನಾ ಯಾರನ್ನ ಕೇಳ್ಲಿ?" ಎಂದ ಅಪ್ಪ, ಕಲ್ಲು ಹೊರುವುದನ್ನು ನಿಲ್ಲಿಸದೆ. ಮೇಲಾಗಿ ಹೊಲ ಈಗ ಎರಡು ಪಟ್ಟಿಗಳಾಗಿತ್ತು. ಅಷ್ಟು ಇಕ್ಕಟ್ಟಿನಲ್ಲಿ ಜೋಡೆತ್ತು ಅಡ್ಡಕ್ಕೆ ತಿರುಗುವುದು ಕಷ್ಟ. ಆದ್ದರಿಂದ ನೇಗಿಲನ್ನೂ ಇಳಿಜಾರಿನ ಗುಂಟವೇ ಹೊಡೆದರು.

ಮುಂದೇನಾಯಿತೆಂದು ನೀವೇ ಊಹಿಸಿರುತ್ತೀರಿ. ಅಪ್ಪ ಕಾಕಾ ಮಾತ್ರ ಊಹಿಸಿರಲಿಲ್ಲ. ಮೊದಲ ದೊಡ್ಡ ಮಳೆಯ ನೀರು ಸಾಲು ಹಿಡಿದು ಇಳಿದು, ಗಡಿಯ ಒಡ್ಡಿನ ಎರಡೂ ಮಗ್ಗುಲು ಹರಿದು, ಒಂದೊಂದು ಕೊರಕಲು ತೋಡಿತು. ಮಸಾರಿ ಕೆಂಪಗೆ ಕರಗಿ ಹಳ್ಳಕ್ಕೆ ಹೋಗುವುದನ್ನು ನಾವೆಲ್ಲ ನಿಂತು ನೋಡಿದೆವು. ಮಳೆ ನಿಂತ ಮೇಲೆ ಇಬ್ಬರೂ ತಪ್ಪು ತಿದ್ದಿಕೊಂಡರೆಂದು ತಿಳಿದೀರಿ! ನಿನ್ನ ಕಡೆಯ ನೀರು ನನ್ನ ಕಡೆ ಬಂತೆಂದು ಮತ್ತೆ ತಕರಾರು. ಆಯಿಗೆ ಒಂದು ತಿಂಗಳು ನಮ್ಮಲ್ಲಿ ಊಟ, ಒಂದು ತಿಂಗಳು ಕಾಕಾನಲ್ಲಿ. ಎಲ್ಲಿ ಉಂಡರೂ ಹೊತ್ತೇರುವ ಮೊದಲೇ ಹೊಲಕ್ಕೆ ಹೋಗಿ, ಎರಡೂ ಕೊರಕಲುಗಳಿಗೆ ಅಡ್ಡ ಕಲ್ಲಿಟ್ಟು ಬರುತ್ತಿದ್ದಳು. ಅವಳು ಇಟ್ಟ ಕಲ್ಲಿನಿಂದ ನೀರು ತನ್ನ ಬೆಳೆಗೆ ತಿರುಗಿತೆಂದು ಒಂದು ದಿನ ಕಾಕಾ ಕಿತ್ತೆಸೆದರೆ, ಇನ್ನೊಂದು ದಿನ ಅಪ್ಪ ಕಿತ್ತೆಸೆಯುತ್ತಿದ್ದ. ಆಯಿ ಮತ್ತೆ ಇಡುತ್ತಿದ್ದಳು. ಅವಳ ಮೇಲೆ ನನಗೆ ಎಷ್ಟು ಮರುಕವಿತ್ತೋ ಅಷ್ಟೇ ಸಿಟ್ಟೂ ಇತ್ತು. ಹೆತ್ತವಳು ಇಬ್ಬರ ಕಪಾಳಕ್ಕೂ ಒಂದೊಂದು ಬಿಡಬಾರದಿತ್ತೆ!

ನಾನು ಮದುವೆಯಾಗಿ ಜೇವರ್ಗಿ ಸೇರಿದ ಮೇಲೆ ಒಂದು ಮಾಘದಲ್ಲಿ ಆಯಿ ಹೋದ ಸುದ್ದಿ ಬಂತು. ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಹೂಳುತ್ತಾರೆ. ಅದಕ್ಕೆ ಆಳುದ್ದದ ಕುಣಿ ಬೇಕು. ಹೊಲದ ನೆತ್ತಿಯಲ್ಲಿ ತನ್ನನ್ನು ಇಡಬೇಕೆಂದು ಆಯಿ ಹೇಳಿದ್ದಳಂತೆ. ಯಾರ ಪಾಲಿನಲ್ಲಿ ಎಂದು ಅವತ್ತೂ ವಾದ ಎದ್ದಿತು. ಅವಳನ್ನು ತನ್ನ ಕಡೆಗೇ ಇಡಬೇಕೆಂದು ಇಬ್ಬರೂ ಅಳುತ್ತ ಜಗಳವಾಡಿದರು. ಕೊನೆಗೆ ಕಾಕಾ ತನ್ನ ಪಾಲಿನಲ್ಲಿ ಅಗೆಯಲು ನಿಂತ. ಮೊಣಕಾಲಿನಷ್ಟು ಆಳಕ್ಕೆ ಹೋಗುವ ಮೊದಲೇ ಬಂಡೆ ಬಂತು. ಪಕ್ಕಕ್ಕೆ ಸರಿದ, ಅಲ್ಲೂ ಬಂಡೆ. ಬೆವರು ಒರೆಸಿಕೊಂಡು, "ಅಣ್ಣಾ, ನಿನ್ನ ಕಡಿ ಒಂದೀಟು ನೋಡು" ಎಂದ. ಅಪ್ಪ ನೋಡಿದ. ಅಲ್ಲೂ ಅಷ್ಟೇ ಇತ್ತು.

ಹೊತ್ತು ಇಳಿಯತೊಡಗಿತ್ತು. ಹಳ್ಳದ ಕೆಳಗಿನ ತಿರುವಿನಲ್ಲಿ ಹೊಲವಿದ್ದ ಮುದುಕನೊಬ್ಬ ಅಷ್ಟೊತ್ತೂ ಸುಮ್ಮನೆ ಕೂತಿದ್ದವನು ಎದ್ದು, "ನನ್ನ ಹೊಲಕ್ಕ ತರ್ರಿ ಅಕೀನ್ನ. ವರ್ಷಾ ವರ್ಷಾ ನಿಮ್ಮ ಮಣ್ಣೆಲ್ಲ ಅಲ್ಲೇ ಬಂದು ಕುಂತದ" ಎಂದ. ಅಪ್ಪ, ಕಾಕಾ ಇಬ್ಬರೂ ಗುದ್ದಲಿ ಹೆಗಲಿಗೇರಿಸಿ ಅವನ ಹಿಂದೆ ಇಳಿದರು. ಅಲ್ಲಿ ಎದೆಮಟ್ಟ ಅಗೆದರೂ, ಆಳುದ್ದ ಅಗೆದರೂ ಬರೀ ಮೆತ್ತಗಿನ ಮಣ್ಣು. ಆಯಿ ಈಗಲೂ ಬೇರೆಯವರ ಹೊಲದಲ್ಲಿ, ನಮ್ಮ ಮಣ್ಣಿನಲ್ಲಿ ಕೂತಿದ್ದಾಳೆ.