ಕಲಾವತಿ ಬ್ರೇಕ್ ಪ್ಯಾಡ್ ತಂದದ್ದು

ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಕಲಾವತಿ ಬ್ರೇಕ್ ಒತ್ತಿದಳು. ಪಿಕಪ್ ನಿಂತಿತು ನಿಜ, ಆದರೆ ನಿಲ್ಲುವ ಮೊದಲು ಬಲಕ್ಕೆ ಎಳೆದುಕೊಂಡು ಹೋಗಿ ಡಿವೈಡರಿಗೆ ಗೇಣು ದೂರದಲ್ಲಿ ನಿಂತಿತು. ಹಿಂದೆ ಕಟ್ಟಿದ್ದ ತುಳಸಿ ಕುಂಡ ಮಗುಚಿ ಮಣ್ಣೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು. ಗೋವಿಂದರಾಜನಗರದಿಂದ ಬಸವೇಶ್ವರನಗರಕ್ಕೆ ಮನೆ ಬದಲಿಸುತ್ತಿದ್ದ ಹಿರಿಯ ಹೆಂಗಸು ಪಕ್ಕದ ಸೀಟಿನಲ್ಲೇ ಕೂತಿದ್ದರು.

"ನಿಧಾನ ಕಣಮ್ಮ. ಈಗೀಗ ಕಲ್ತಿದೀಯಾ?"

"ಐದು ವರ್ಷ ಆತ್ರಿ," ಎಂದಳು ಕಲಾವತಿ. ಇಪ್ಪತ್ತರ ವೇಗದಲ್ಲಿ ಬರುತ್ತಿದ್ದೆ ಎಂದು ಹೇಳಬೇಕೆನ್ನಿಸಿತು. ಹೇಳಿ ಪ್ರಯೋಜನವಿಲ್ಲವೆಂದು ಗಾಡಿಯನ್ನು ಎಡಕ್ಕೆ ತಿರುಗಿಸಿ ಹೊರಟಳು.

ಐದು ವರ್ಷದಿಂದ ಅವಳು ಇದೇ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಳು. ಕುಷ್ಟಗಿ ಕಡೆಯಿಂದ ಬಂದ ಹೊಸತರಲ್ಲಿ ಗಂಡ ಹನುಮೇಶ ಗಾಡಿ ಓಡಿಸುತ್ತಿದ್ದ, ಅವಳು ಎರಡು ಮನೆಗಳಲ್ಲಿ ರೊಟ್ಟಿ ಬಡಿದು ಕೊಡುತ್ತಿದ್ದಳು. ಒಂದು ದಿನ ಮೂರನೇ ಮಹಡಿಯಿಂದ ಕಬ್ಬಿಣದ ಬೀರು ಇಳಿಸುವಾಗ ಹನುಮೇಶನ ಸೊಂಟ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಕ್ಲಚ್ ಒತ್ತಿದರೆ ಕಾಲು ಜೋಮು ಹಿಡಿಯುತ್ತಿತ್ತು. ಗಾಡಿ ಮಾರುವ ಮಾತು ಬಂದಾಗ ಕಲಾವತಿ, "ನನಗ ಕಲಿಸು," ಎಂದಳು. ಕೆಂಗೇರಿ ಆಚೆಯ ಖಾಲಿ ಲೇಔಟಿನಲ್ಲಿ ಎರಡು ತಿಂಗಳು ಕಲಿಸಿದ. ಅವಳು ಲೈಸೆನ್ಸ್ ತೆಗೆದುಕೊಂಡಳು. ಆದರೆ ಹನುಮೇಶನ ಕಲಿಸುವಿಕೆ ಮಾತ್ರ ಮುಗಿಯಲಿಲ್ಲ. ಮನೆಯಲ್ಲಿ ಮಲಗಿಕೊಂಡು ದಿನಕ್ಕೆ ಹತ್ತು ಸಲ ಫೋನ್ ಮಾಡಿ ಇಂಜಿನ್ ಸಪ್ಪಳ ಕೇಳಿಸು ಎನ್ನುತ್ತಿದ್ದ.

ಹಾಸಿಗೆಯ ಮಣ್ಣು ಕೊಡವಿ, ಸಾಮಾನು ಇಳಿಸಿ, ಅವಳು ಗಾಡಿಯನ್ನು ನೆಟ್ಟಗೆ ನಾಯಂಡಹಳ್ಳಿಯ ಕಾಂತರಾಜುವಿನ ಗ್ಯಾರೇಜಿಗೆ ಮೆಲ್ಲಗೆ ತಂದಳು. ಕಾಂತರಾಜು ಮುಂದಿನ ಎಡಚಕ್ರ ಬಿಚ್ಚಿ ಬಗ್ಗಿ ನೋಡಿದ.

"ಪ್ಯಾಡ್ ಸವೆದೋಗಿದೆ ಮೇಡಂ. ತಗೊಂಡ್ ಬನ್ನಿ, ಹಾಕ್ಕೊಡ್ತೀನಿ. ಸೆರಾಮಿಕ್ ತಗೊಳ್ಳಿ, ಸೌಂಡೇ ಬರಲ್ಲ."

"ಬಲಕ್ಕ ಯಾಕ ಎಳೀತೈತ್ರಿ?"

"ಪ್ಯಾಡ್ ಹೋದ್ರೆ ಹಂಗೇ."

ಹನುಮೇಶನಿಗೆ ಫೋನ್ ಮಾಡಿದಳು. "ಸೆರಾಮಿಕ್ ಗಿರಾಮಿಕ್ ಬ್ಯಾಡ. ಕಂಪನೀದ ತಗೋ. ನಾ ಯಾವಾಗ್ಲೂ ಕಂಪನೀದ ಹಾಕಸ್ತಿದ್ದೆ," ಎಂದ ಅವನು. ಕಂಪನಿಯದು ಮೂರು ದಿನ ಬಿಟ್ಟು ಬರುತ್ತದೆ ಎಂದು ಶೋರೂಮಿನವರು ಹೇಳಿದರು. ನಾಡಿದ್ದು ಬೆಳಿಗ್ಗೆ ಅವಳಿಗೆ ಒಂದು ನರ್ಸರಿ ಶಾಲೆಯ ಬೆಂಚು ಸಾಗಿಸುವ ಕೆಲಸವಿತ್ತು.

ಮೈಸೂರು ರಸ್ತೆಯ ಬಿಡಿಭಾಗದ ಅಂಗಡಿಯೊಂದಕ್ಕೆ ಹೋದಳು. ಕೌಂಟರಿನ ಯುವಕ ತಲೆಯೆತ್ತದೆ ಕೇಳಿದ:

"ಯಾವ್ ಮಾಡೆಲ್ ಆಂಟಿ?"

ಕಲಾವತಿ ಆರ್‌ಸಿ ಕಾರ್ಡ್ ಮುಂದೆ ಹಿಡಿದಳು. ಅವನು ಅದನ್ನು ನೋಡಲಿಲ್ಲ.

"ಗಾಡಿ ಓಡ್ಸೋರಿಗೆ ಫೋನ್ ಹಾಕ್ಕೊಡಿ, ನಾನ್ ಮಾತಾಡ್ತೀನಿ."

"ಗಾಡಿ ಓಡಸೋದು ನಾನರಿ."

"ಅದ್ಸರಿ ಆಂಟಿ. ಗಾಡಿ ಬಗ್ಗೆ ಗೊತ್ತಿರೋರಿಗೆ ಹಾಕ್ಕೊಡಿ."

ಹಿಂದೆ ನಾಲ್ಕು ಜನ ನಿಂತಿದ್ದರು. ಬಿಸಿಲು ಬೇರೆ. ಹಲ್ಲು ಕಚ್ಚಿ ಹನುಮೇಶನಿಗೆ ಫೋನ್ ಹಚ್ಚಿಕೊಟ್ಟಳು. ಇಬ್ಬರು ಗಂಡಸರು ಐದು ನಿಮಿಷ ಸಂತೋಷವಾಗಿ ಮಾತಾಡಿದರು. ಮಧ್ಯದಲ್ಲಿ ಒಮ್ಮೆ ನಕ್ಕರು ಕೂಡ. ಹನುಮೇಶ ಎರಡು ಸಾವಿರದ ಹದಿನೆಂಟರ ಮಾಡೆಲ್ ಎಂದ. ಯುವಕ ಡಬ್ಬಿ ಕೊಟ್ಟ.

ಗ್ಯಾರೇಜಿಗೆ ತಂದು ನೋಡಿದರೆ ಪ್ಯಾಡಿನ ಎರಡೂ ತುದಿಯ ಕಿವಿಗಳು ಹೊಸದರಲ್ಲಿ ದಪ್ಪ. ಎಷ್ಟು ಬಡಿದರೂ ಜಾಗದಲ್ಲಿ ಕೂರಲಿಲ್ಲ. ಕಾಂತರಾಜು ಸುತ್ತಿಗೆ ಎತ್ತಿದ್ದನ್ನು ಕಂಡು ಕಲಾವತಿ ಕೈ ಅಡ್ಡ ಹಿಡಿದಳು. ಅಲ್ಲೇ ಸ್ಟೂಲಿನ ಮೇಲೆ ಕೂತು ಆರ್‌ಸಿ ಓದಿದಳು. ಗಾಡಿ ತಯಾರಾದದ್ದು ಹದಿನೇಳರ ನವೆಂಬರ್, ರಿಜಿಸ್ಟರ್ ಆದದ್ದು ಹದಿನೆಂಟರ ಜನವರಿ. ಆ ನಡುವೆ ಕಂಪನಿಯವರು ಪ್ಯಾಡಿನ ಅಳತೆ ಬದಲಿಸಿದ್ದರಂತೆ. ಕಾಂತರಾಜುವಿಗೆ ಇದು ಈಗ ನೆನಪಾಯಿತು.

"ಮೊದ್ಲೇ ಹೇಳ್ಬಾರ್ದೇನ್ರಿ?"

"ನೀವ್ ಕೇಳ್ಳಿಲ್ವಲ್ಲ ಮೇಡಂ."

ಕಲಾವತಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿಗೊಂದು ಅನುಕೂಲವಿತ್ತು: ಇನ್ನು ಯಾರನ್ನೂ ಕೇಳುವುದಿಲ್ಲವೆಂದು ಅವಳು ತೀರ್ಮಾನಿಸಿದಳು. ಎಡಚಕ್ರದ ಎರಡು ಹಳೆಯ ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮೆಟ್ರೊ ಹತ್ತಲು ಹೋದಳು. ಅಲ್ಲಿ ಚೀಲ ಪರೀಕ್ಷಿಸುವ ಯಂತ್ರದ ಬಳಿ ಗಾರ್ಡ್ ತಡೆದ.

"ಇದೇನಮ್ಮ ಕಬ್ಬಿಣ?"

"ಬ್ರೇಕ್ ಪ್ಯಾಡು."

"ಯಾರ್ದು?"

"ಗಾಡೀದ್ರಿ!" ಅವಳ ದನಿ ಎಷ್ಟು ಜೋರಾಯಿತೆಂದರೆ ಗಾರ್ಡ್ ಚೀಲ ಮುಂದಕ್ಕೆ ತಳ್ಳಿದ.

ರೈಲಿನಲ್ಲಿ ಸೀಟು ಸಿಕ್ಕಿತು. ಪೇಪರ್ ಬಿಚ್ಚಿ ಪ್ಯಾಡುಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಕಬ್ಬಿಣ ಕಾಣುವಷ್ಟು ಸವೆದಿತ್ತು. ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಪದರ ಉಳಿದಿತ್ತು. ಒಂದೇ ಚಕ್ರದ ತಟ್ಟೆಯನ್ನು ಎರಡು ಕಡೆಯಿಂದ ಅದುಮಿ ಹಿಡಿಯಲು ಒಂದೇ ದಿನ ಹಾಕಿದ ಜೋಡಿ. ಒಂದು ಕಾಲಿನ ಚಪ್ಪಲಿ ಮಾತ್ರ ಸವೆದಿದ್ದರೆ ಆ ಮನುಷ್ಯ ಕುಂಟುತ್ತಿರಬೇಕಲ್ಲ ಎಂದು ಅವಳಿಗೆ ಹೊಳೆಯಿತು. ಹಾಗಾದರೆ ಗಾಡಿಯೂ ಎಲ್ಲೋ ಕುಂಟುತ್ತಿದೆ.

ಅತ್ತಿಗುಪ್ಪೆಯ ಒಳರಸ್ತೆಯಲ್ಲಿ ಕೆಂಪಯ್ಯ ಎಂಬ ವಯಸ್ಸಾದವರ ಸಣ್ಣ ಅಂಗಡಿಯನ್ನು ಅವಳು ಬಾಡಿಗೆಗೆ ಹೋಗಿಬರುವಾಗ ನೋಡಿದ್ದಳು. ರೈಲಿಳಿದು ಅಲ್ಲಿಗೇ ಹೋದಳು. ಆರ್‌ಸಿ ಮತ್ತು ಹಳೆಯ ಪ್ಯಾಡುಗಳನ್ನು ಅವರ ಮುಂದಿಟ್ಟು, ಅವರು ಬಾಯಿ ತೆರೆಯುವ ಮೊದಲೇ ಹೇಳಿದಳು:

"ಗಾಡಿ ನಾನ ಓಡಸ್ತೀನಿ. ಯಾರಿಗೂ ಫೋನ್ ಹಚ್ಚಂಗಿಲ್ಲ."

ಕೆಂಪಯ್ಯ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಬೇಡಮ್ಮ. ಏನ್ ಲೋಡ್ ಹಾಕ್ತೀಯಾ? ಎಲ್ಲೆಲ್ಲಿ ಓಡ್ಸ್ತೀಯಾ?"

ಬೆಳಗಿನಿಂದ ಯಾರೂ ಕೇಳದಿದ್ದ ಪ್ರಶ್ನೆ. ಅವಳು ವಿವರವಾಗಿ ಹೇಳಿದಳು: ಮನೆ ಸಾಮಾನು, ಒಂದು ಟನ್ನಿನ ಒಳಗೆ, ಬರೀ ಊರೊಳಗೆ, ನೂರು ಸಿಗ್ನಲ್ಲು. ಗ್ಯಾರೇಜಿನವನು ಸೌಂಡ್ ಬರದ ಸೆರಾಮಿಕ್ ಹೇಳಿದ್ದನ್ನೂ ಸೇರಿಸಿದಳು.

"ಸೌಂಡ್ ಬರ್ದೇ ಇರೋದು ಕಾರಿನವರಿಗೆ ಸರಿ. ನಿಂಗೆ ಬಿಸಿ ತಡ್ಯೋದು ಬೇಕು." ಅವರು ಹಳೆಯ ಪ್ಯಾಡಿನ ಬೆನ್ನ ಮೇಲಿನ ನಂಬರನ್ನು ಬಟ್ಟೆಯಿಂದ ಒರೆಸಿ ಓದಿದರು. ಲೋಡ್ ಗಾಡಿಗೆಂದೇ ಮಾಡಿದ ಡಬ್ಬಿಯೊಂದನ್ನು ಇಳಿಸಿ, ಹಳೆಯದರ ಮೇಲೆ ಹೊಸದನ್ನಿಟ್ಟು ಕಿವಿಗೆ ಕಿವಿ ಹೊಂದಿಸಿ ತೋರಿಸಿದರು.

"ಅಣ್ಣಾರ, ಇದೊಂದ ಯಾಕ ಇಷ್ಟ್ ಸವದೈತಿ?"

ಕೆಂಪಯ್ಯ ಎರಡನ್ನೂ ಕೈಯಲ್ಲಿ ತೂಗಿದರು. "ನೋಡ್ದೆ. ಕೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ. ಪ್ಯಾಡ್ ಹಿಡಿಯೋ ಕ್ಯಾಲಿಪರ್ ಆ ಕಡೆ ಈ ಕಡೆ ಸರಿಯೋಕೆ ಎರಡು ಪಿನ್ ಇರ್ತವೆ. ಅವು ಜಾಮ್ ಆದ್ರೆ ಒಂದು ಪ್ಯಾಡೇ ದುಡಿಯತ್ತೆ, ಇನ್ನೊಂದು ಸುಮ್ನೆ ಕೂತಿರತ್ತೆ. ಆ ಚಕ್ರ ಸರಿಯಾಗಿ ಹಿಡಿಯಲ್ಲ, ಗಾಡಿ ಇನ್ನೊಂದು ಕಡೆಗೆ ಎಳೆಯತ್ತೆ. ಪಿನ್ ಬಿಡಿಸದೆ ಹೊಸ ಪ್ಯಾಡ್ ಹಾಕಿದ್ರೆ ಮತ್ತದೇ ಕಥೆ."

ಆ ಡಬ್ಬಿಯ ಜೊತೆ ಪಿನ್ನಿಗೆ ಹಚ್ಚುವ ಗ್ರೀಸನ್ನೂ ನೀರು ಹೋಗದಂತೆ ಪಿನ್ನಿಗೆ ತೊಡಿಸುವ ರಬ್ಬರ್ ಕವಚವನ್ನೂ ಅವಳು ಅಲ್ಲೇ ತೆಗೆದುಕೊಂಡಳು.

ಗ್ಯಾರೇಜಿನಲ್ಲಿ ಕಾಂತರಾಜು ಒಪ್ಪಲಿಲ್ಲ. "ಪಿನ್ ಎಲ್ಲಾ ಚೆನ್ನಾಗಿದೆ ಮೇಡಂ. ಸುಮ್ನೆ ಯಾಕೆ?"

"ಬಿಚ್ಚಿ ತೋರ್ಸ್ರಿ. ಚಲೋ ಇದ್ರ ನಾ ಸುಮ್ಮನಾಗ್ತೀನಿ."

ಒಂದು ಪಿನ್ ಬೆರಳಲ್ಲಿ ಎಳೆದರೇ ಬಂತು. ಇನ್ನೊಂದು ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು, ತಿರುಗಿಸಿ, ಮುಕ್ಕಾಲು ಗಂಟೆ ಗುದ್ದಾಡಿದ ಮೇಲೆ ಕೆಂಪಗೆ ತುಕ್ಕು ಹಿಡಿದ ಪಿನ್ ಹೊರಬಂತು. ಹೋದ ಮಳೆಗಾಲದಲ್ಲಿ ಮೈಸೂರು ರಸ್ತೆಯ ನೀರಿನಲ್ಲಿ ಗಾಡಿ ಅರ್ಧ ಚಕ್ರ ಮುಳುಗಿ ನಿಂತಿತ್ತು. ಹರಿದ ರಬ್ಬರಿನೊಳಗೆ ಆಗಲೇ ನೀರು ಹೋಗಿರಬೇಕು. ಕಾಂತರಾಜು ಪಿನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಬಲಚಕ್ರವನ್ನೂ ಬಿಚ್ಚಿದ. ತಾನಾಗಿಯೇ ಅಲ್ಲಿಯ ಪಿನ್ನುಗಳನ್ನೂ ಉಜ್ಜಿ ಗ್ರೀಸ್ ಹಚ್ಚಿ, ಎರಡೂ ಚಕ್ರಕ್ಕೆ ಹೊಸ ಪ್ಯಾಡು ಹಾಕಿದ.

"ಸಾರಿ ಮೇಡಂ," ಎಂದ, ನಟ್ಟು ಬಿಗಿಯುತ್ತ, ಅವಳ ಮುಖ ನೋಡದೆ.

ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಹನುಮೇಶ ಕೋಲೂರಿಕೊಂಡು ಬಂದ. ಹೆಂಡತಿ ಓಡಿಸುವಾಗ ಪಕ್ಕದಲ್ಲಿ ಕೂರಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಐದು ವರ್ಷದಲ್ಲಿ ಎರಡೇ ಸಲ ಕೂತಿದ್ದ, ಎರಡೂ ಸಲ ಆಸ್ಪತ್ರೆಗೆ ಹೋಗಲು. ಇವತ್ತು ಕೇಳದೆಯೇ ಹತ್ತಿದ. ಖಾಲಿ ರಸ್ತೆಯಲ್ಲಿ ಅವಳು ತುಕ್ಕು ಹಿಡಿದ ಪಿನ್ನಿನ ಕಥೆ ಹೇಳುತ್ತ, ಹೊಸ ಪ್ಯಾಡು ತಟ್ಟೆಗೆ ಒಗ್ಗಲೆಂದು ಸ್ವಲ್ಪ ಸ್ವಲ್ಪವೇ ಬ್ರೇಕ್ ಒತ್ತುತ್ತ ಹೋದಳು. ಕೊನೆಗೊಮ್ಮೆ ಗಟ್ಟಿಯಾಗಿ ಒತ್ತಿದಳು. ಗಾಡಿ ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು.

ಹನುಮೇಶ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದ.

"ಪಿನ್ನು ನನಗ ಹೊಳೀಲೇ ಇಲ್ಲ ನೋಡು," ಎಂದ.

ಅವಳ ಸಿಟ್ಟು ಅರ್ಧ ಇಳಿಯಿತು. ಗಾಡಿ ತಿರುಗಿಸಿ ಮನೆಯ ಕಡೆ ಹೊರಟಳು. ಮೂರನೆಯ ತಿರುವಿನಲ್ಲಿ ಅವಳು ಹಾರ್ನ್ ಹೊಡೆದಳು.

"ಹಾರ್ನ್ ಯಾಕೋ ಸಣ್ಣಗಾಗೈತಲ್ಲ," ಎಂದ ಹನುಮೇಶ. "ಹೊಸಾದು ಹಾಕಸಬೇಕು. ಯಾವ್ದು ತಗೋಬೇಕು ಅನ್ನೂದು ನಾ ಹೇಳ್ತೀನಿ, ಕೇಳು..."

"ಇಳಸ್ಲೇನು ಇಲ್ಲೇ?" ಎಂದಳು ಕಲಾವತಿ.