ಬದುಕಿದ್ದ ಮಗಳಿಗೆ ಇಟ್ಟ ಏಳು ಸೀರೆ

ಮಲ್ಲಯ್ಯನನ್ನು ನಂಬಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಬದುಕಿರುವ ಮಗಳಿಗೆ ಏಳು ವರ್ಷ ಎಡೆ ಇಟ್ಟ ತಂದೆ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವುದು ನಿಮಗೆ ಬಿಟ್ಟದ್ದು.

ಶಹಾಪುರದಲ್ಲಿ ನನ್ನದು ಪೂಜಾ ಸಾಮಾನಿನ ಅಂಗಡಿ. ವಿಭೂತಿ, ಕರ್ಪೂರ, ಊದಿನಕಡ್ಡಿ ಮಾರುತ್ತಲೇ ತಲೆ ನರೆತಿದೆ. ಒಬ್ಬಳೇ ಮಗಳು, ಗೌರಿ. ನಾರಾಯಣಪುರದ ಕಡೆ ಹೊಳೆಯಲ್ಲಿ ಮೀನು ಹಿಡಿಯುವ ಮನೆತನದ ಹುಡುಗನನ್ನು ಮೆಚ್ಚಿ, ನಮಗೆ ಹೇಳದೆ ಮದುವೆಯಾದಳು. ನಾನು ನನ್ನ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಜೀಪು ಮಾಡಿಸಿ ಸುರಪುರ, ನಾರಾಯಣಪುರ ಎಲ್ಲ ಹುಡುಕಿದೆ. ಸೀಟಿನ ಕೆಳಗೆ ಕೊಡಲಿ ಇತ್ತು. ಅದನ್ನು ಇಟ್ಟವನು ನಾನೇ. ಹೊರಡುವ ಮುಂಚೆ ಮನೆದೇವರು ಮಲ್ಲಯ್ಯನ ಮುಂದೆ ನಿಂತು ಕೇಳಿದ್ದೆ: "ಆಕಿ ಎಲ್ಲಿದ್ದಾಳ, ತೋರ್ಸು ನನ್ನ ತಂದಿ." ಆತ ತೋರಿಸಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದವರ ಹೆಸರಿನಲ್ಲಿ ಎಡೆ ಇಟ್ಟು, ಮುಂದೆ ಹೊಸ ಬಟ್ಟೆ ಇಡುವುದು ನಮ್ಮ ಮನೆಯ ಪದ್ಧತಿ. ಪೂಜೆಯಾದ ಮೇಲೆ ಆ ಸೀರೆಯನ್ನು ಮನೆಯ ಹೆಣ್ಣುಮಗಳೊಬ್ಬಳು ಉಡುತ್ತಾಳೆ. ಆ ವರ್ಷ ನನ್ನವ್ವನ ಹೆಸರಿನ ಸೀರೆಯ ಪಕ್ಕದಲ್ಲಿ ನಾನು ಇನ್ನೊಂದು ಸೀರೆ ಇಟ್ಟೆ.

"ಇದು ಯಾರಿಗೆ?" ಎಂದಳು ನನ್ನ ಹೆಂಡತಿ ನೀಲಮ್ಮ.

"ಗೌರಿಗೆ. ನಮ್ಮ ಪಾಲಿಗೆ ಆಕಿ ಸತ್ತಾಳ."

"ನನ್ನ ಮಗಳು ಜೀವಂತ ಅದಾಳ. ಈ ಎಡಿ ನಾನು ಉಣ್ಣಂಗಿಲ್ಲ, ಈ ಸೀರಿ ಉಡಂಗಿಲ್ಲ. ನೀವs ಉಟ್ಕೋರಿ."

ಅಂದಿನಿಂದ ಪ್ರತಿ ವರ್ಷ ಆ ದಿನ ನೀಲಮ್ಮ ಉಪವಾಸ. ಸೀರೆ ಟ್ರಂಕಿಗೆ ಹೋಗುತ್ತಿತ್ತು. ಮರುವರ್ಷ ಮತ್ತೊಂದು. ಎರಡನೇ ವರ್ಷಕ್ಕೇ ನನ್ನ ಸಿಟ್ಟು ಇಳಿದಿತ್ತು ಎಂದರೆ ನೀವು ನಂಬುವುದಿಲ್ಲ. ಆದರೆ ಒಮ್ಮೆ ಎಡೆ ಇಟ್ಟವರ ಹೆಸರು ಬಿಡುವುದು ಹೇಗೆಂದು ತಿಳಿಯದೆ ಇಡುತ್ತಲೇ ಹೋದೆ.

ಕಳೆದ ಶ್ರಾವಣದ ಮೊದಲ ಸೋಮವಾರ ನೀಲಮ್ಮನಿಗೆ ಲಕ್ವಾ ಹೊಡೆಯಿತು. ಯಾದಗಿರಿಯ ದವಾಖಾನೆಗೆ ಸೇರಿಸಿದೆ. ಬಲಗೈ ಹೋಯಿತು, ಅರ್ಧ ಬಾಯಿ ಹೋಯಿತು. ಉಳಿದದ್ದು ಒಂದೇ ಮಾತು: "ಗೌರಿ." ನಾನು ಗಂಜಿಯ ಚಮಚ ಹಿಡಿದರೆ ಇದ್ದ ಅರ್ಧ ಬಾಯಿಯನ್ನೂ ಮುಚ್ಚುತ್ತಿದ್ದಳು. ನರ್ಸ್ ಕೊಟ್ಟರೂ ಅಷ್ಟೇ. "ಹಿಂಗ ಉಣ್ಣದಿದ್ರ ಬರೇ ಔಷಧದಿಂದ ಏನಾಗ್ತದ್ರಿ?" ಎಂದರು ಡಾಕ್ಟರು.

ದವಾಖಾನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮಲ್ಲಯ್ಯನದೇ ಒಂದು ಸಣ್ಣ ಲಿಂಗವಿದೆ. ಅಲ್ಲಿ ಕುಳಿತು, "ಆಕಿ ಎಲ್ಲಿದ್ದಾಳ, ತೋರ್ಸು ನನ್ನ ತಂದಿ" ಎಂದೆ. ಅಂದ ಮೇಲೆ ಗಾಬರಿಯಾಯಿತು. ಜೀಪು ಹತ್ತುವ ಮುಂಚೆ ಆಡಿದ ಅದೇ ಮಾತು ಅದು.

ನನ್ನ ಅಳು ಕೇಳಿಸಿಕೊಂಡ ವಾರ್ಡಿನ ಆಯಾ ಹೇಳಿದಳು: "ಕಾಕಾ, ದೇವರಿಗೆ ಹೇಳಿದ್ರಿ, ಇನ್ನ ಮನಷ್ಯಾರಿಗೂ ಹೇಳ್ರಿ. ಬಜಾರದಾಗ ಹಿಟ್ಟಿನ ಗಿರಣಿ ಮ್ಯಾಲ ಕುಟುಂಬ ಸಲಹಾ ಕೇಂದ್ರ ಅದ. ರೊಕ್ಕ ತಗೊಳ್ಳಂಗಿಲ್ಲ, ಹೇಳಿದ್ದು ಹೊರಗ ಬಿಡಂಗಿಲ್ಲ."

ಮೆಟ್ಟಿಲು ಹತ್ತಿ ಹೋದೆ. ಕೆಳಗೆ ಗಿರಣಿಯ ಸದ್ದು, ಒಳಗೆ ಎರಡು ಕುರ್ಚಿ, ಐವತ್ತರ ಆಸುಪಾಸಿನ ಒಬ್ಬ ಮೇಡಂ. ನನಗೆ ನಾಚಿಕೆ.

"ನನ್ನ ದೋಸ್ತಂದು ಒಂದು ತಕರಾರು ಅದರಿ," ಎಂದೆ.

"ದೋಸ್ತನ ಹೆಂಡ್ತಿ ದವಾಖಾನ್ಯಾಗ ಅದಾರೇನ್ರಿ? ಚೀಟಿ ನಿಮ್ಮ ಕಿಸೇದಾಗ ಕಾಣಾಕತ್ತದ," ಎಂದು ನಕ್ಕರು.

ಎಲ್ಲ ಹೇಳಿದೆ. ಕೊಡಲಿಯನ್ನೂ ಬಿಡಲಿಲ್ಲ. ಕೊನೆಗೆ ಕೇಳಿದೆ: "ನನ್ನ ಮಗಳು ಯಾವಾಗರೆ ಇಲ್ಲಿ ಬಂದಿದ್ಲೇನ್ರಿ?"

"ಬಂದಿದ್ರು ಅಂತಾನೂ ಹೇಳಂಗಿಲ್ಲ, ಬಂದಿಲ್ಲ ಅಂತಾನೂ ಹೇಳಂಗಿಲ್ಲ. ನೀವು ಬಂದಿದ್ದನ್ನೂ ಯಾರಿಗೂ ಹೇಳಂಗಿಲ್ಲ."

"ಮತ್ತ ಎದಕ್ಕ ಕುಂತೀರಿ ಇಲ್ಲಿ?" ಎಂದು ರೇಗಿದೆ.

ಅವರು ರೇಗಲಿಲ್ಲ. ಹಾಳೆ, ಪೆನ್ನು ಮುಂದಿಟ್ಟರು. "ಆಕಿ ಎದುರಿಗೆ ಬಂದ್ರ ಏನಂತೀರಿ, ಅದನ್ನ ಬರದಿಡ್ರಿ. ಮುಟ್ಟತದ ಅಂತ ಖಾತ್ರಿ ಇಲ್ಲ."

ಹತ್ತನೆಯ ತರಗತಿ ಪಾಸಾದವನು ನಾನು. 'ತಾಯಿಗೆ ಬಹಳ ಆಗಿದೆ, ಕೂಡಲೇ ಬಾ' ಎಂದು ಬರೆದು ಓದಿ ತೋರಿಸಿದೆ.

"ಕೊಡಲಿ ಇಟ್ಕೊಂಡು ಹುಡುಕಿದ ಅಪ್ಪ ಕೂಡಲೇ ಬಾ ಅಂದ್ರ ಮಗಳು ಬರ್ತಾಳೇನ್ರೀ ಯಜಮಾನ್ರ?"

ನನ್ನ ಮಗಳಿಗೆ ನನ್ನ ಅಂಜಿಕೆಯೇ? ಅಷ್ಟು ವರ್ಷ ಆಕೆ ಮಾಡಿದ ತಪ್ಪನ್ನೇ ಎಣಿಸಿದ್ದೆ. ಇದು ತಲೆಗೆ ಹೊಳೆದೇ ಇರಲಿಲ್ಲ. ಮತ್ತೆ ಬರೆದೆ: 'ನಿನಗೆ ಎಡೆ ಇಟ್ಟು ಪಾಪ ಮಾಡಿದೆ. ನಿನ್ನವ್ವ ಯಾದಗಿರಿ ದವಾಖಾನೆಯಲ್ಲಿದ್ದಾಳೆ, ಉಣ್ಣುತ್ತಿಲ್ಲ. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ವಾರ್ಡಿನಲ್ಲಿ ಇರುವುದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತೇನೆ.'

ಕಾಗದವನ್ನು ಮೇಡಂ ಕೈಗೆ ಕೊಟ್ಟು, ಎರಡು ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಬಂದೆ. ಏನೂ ಆಗಲಿಲ್ಲ. ಮೂರನೆಯ ದಿನ ನಾಲ್ಕು ಗಂಟೆಗೆ ವಾರ್ಡಿಗೆ ಬಂದರೆ ನೀಲಮ್ಮನ ತಲೆ ಬಾಚಿ ಜಡೆ ಹಾಕಿತ್ತು. ತಟ್ಟೆಯಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಒಂದೆರಡು ಚೂರು ಉಳಿದಿದ್ದವು. ನೀಲಮ್ಮ ನನ್ನನ್ನು ನೋಡಿದಳು. ಬಾಯಿ ಮುಚ್ಚಲಿಲ್ಲ. ಉಳಿದ ಚೂರನ್ನು ನನ್ನ ಕೈಯಿಂದ ತಿಂದಳು.

ಹನ್ನೆರಡು ದಿನ ಹೀಗೇ ನಡೆಯಿತು. ಮಗಳು ಬರುತ್ತಿದ್ದಳು, ನಾನು ಹೊರಗಿರುತ್ತಿದ್ದೆ. ಹದಿಮೂರನೆಯ ದಿನ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿಗೆ ಆಕೆಯೇ ಬಂದು ಪಕ್ಕದಲ್ಲಿ ಕುಳಿತಳು. "ಬಿಸಲಾಗ ಯಾಕ ಕುಂತೀಯಪ್ಪಾ?" ಎಂದಳು. ಆವತ್ತು ಲಕ್ವಾ ನನಗೂ ಹೊಡೆದಂತಿತ್ತು.

ಆಮೇಲೆ ಗೊತ್ತಾಯಿತು. ಗಂಡನಿಗೆ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ. ಇಷ್ಟು ವರ್ಷವೂ ಯಾದಗಿರಿಯ ಮಗ್ಗುಲಲ್ಲೇ ಇದ್ದಳು. ಮದುವೆಯಾದ ವಾರದಲ್ಲೇ ಅದೇ ಗಿರಣಿಯ ಮೆಟ್ಟಿಲು ಹತ್ತಿ, "ನಮ್ಮಪ್ಪ ಕೇಳ್ಕೋತ ಬಂದ್ರ ಹೇಳಬ್ಯಾಡ್ರಿ" ಎಂದು ಬೇಡಿಕೊಂಡಿದ್ದಳಂತೆ. ಈಗಲೂ ಆ ಮೇಡಂ ಕಾಗದ ಬಂದಿದೆ ಎಂದಷ್ಟೇ ಹೇಳಿ, ಬೇಕೋ ಬೇಡವೋ ಎಂದು ಮೊದಲು ಆಕೆಯನ್ನೇ ಕೇಳಿದರಂತೆ. ನಾನು ಕೈ ಮುಗಿಯಲು ಹೋದಾಗ ಮಾತ್ರ, "ಯಾವ ಮಗಳು? ನನಗೇನೂ ಗೊತ್ತಿಲ್ರಿ" ಎಂದುಬಿಟ್ಟರು.

ನೀಲಮ್ಮ ಮನೆಗೆ ಬಂದ ಮೇಲೆ ಗೌರಿ ಶಹಾಪುರಕ್ಕೆ ಬಂದಳು. ನಾನೇ ಟ್ರಂಕು ತೆರೆದು ತೋರಿಸಿದೆ. ಮುಚ್ಚಿಡಬಾರದು ಎನಿಸಿತು. ಒಂದೊಂದೇ ತೆಗೆದು ಎಣಿಸಿದಳು.

"ಲಗ್ನಕ್ಕ ಒಂದು ಕುಬಸಾನೂ ಕೊಡಲಿಲ್ಲ, ಸತ್ತ ಮ್ಯಾಲ ಏಳು ಸೀರಿ ಕೊಟ್ಟೀಯಲ್ಲಪ್ಪಾ!"

ನೀಲಮ್ಮ ಅರ್ಧ ಬಾಯಲ್ಲಿ ನಕ್ಕಳು. ಗೌರಿ ಹಸಿರು ಸೀರೆ ಆರಿಸಿದಳು. "ಬ್ಯಾಡವ್ವಾ, ಅದು ಎಡಿ ಸೀರಿ," ಎಂದೆ. "ನನಗಂತ ಇಟ್ಟದ್ದು ನಾ ಉಡದs ಮತ್ತ್ಯಾರು ಉಡಬೇಕು?" ಎನ್ನುತ್ತ ಒಳಗೆ ಹೋಗಿ ಉಟ್ಟುಕೊಂಡು ಬಂದಳು. ಅಳಿಯ ಹೊಸ್ತಿಲಲ್ಲೇ ನಿಂತಿದ್ದ. ಒಳಗೆ ಬಾ ಎಂದೆ. "ಇರ್ಲಿ ಬಿಡ್ರಿ," ಎಂದ. ಅವನಿಗೆ ಕೊಡಲಿಯ ವಿಷಯ ಗೊತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಭಕ್ತರೇ, ನನ್ನ ಗೊಂದಲ ಪೂರ್ತಿ ಹೋಗಿಲ್ಲ. ಅದೇ ದೇವರು, ಅದೇ ಮಾತು. ಅಂದು ತೋರಿಸದವನು ಇಂದು ಯಾಕೆ ತೋರಿಸಿದ? ತೋರಿಸಿದ್ದು ಅವನೋ, ಗಿರಣಿಯ ಮೇಲಿನ ಆ ಹೆಣ್ಣುಮಗಳೋ? ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಒಂದು ಮಾತ್ರ ಗೊತ್ತು. ಅಂದು ತೋರಿಸಿದ್ದರೆ ಈವತ್ತು ಆ ಎಡೆ ಸುಳ್ಳಾಗುತ್ತಿರಲಿಲ್ಲ. ಆತ ಕೊಟ್ಟದ್ದಕ್ಕಿಂತ ಅಂದು ಕೊಡದೆ ಉಳಿಸಿದ್ದಕ್ಕೇ ದಿನಾ ಎರಡು ಹೊತ್ತು ಕರ್ಪೂರ ಹಚ್ಚುತ್ತಿದ್ದೇನೆ.

ಈ ಅಮಾವಾಸ್ಯೆಗೆ ನನ್ನವ್ವನ ಸೀರೆಯೊಂದನ್ನೇ ಇಟ್ಟೆ. ಎಡೆಯನ್ನು ಮಾಡಿದವಳು ಗೌರಿ. ಎಂಟನೆಯ ವರ್ಷಕ್ಕೆ ಆ ದಿನ ನೀಲಮ್ಮ ಉಂಡಳು.